ಬದಿಯಡ್ಕ ಬಸ್ಸು ಬಚ್ಚಲ ಒಲೆಯ ಮೇಲೆ

ಕ್ಯಾಮೆರಾ ಓಡ್ತಾ ಉಂಟು. ಹಿಂದೆ ಕೇಳುವ ಟಕ್ ಟಕ್ ಎಂತ ಅಂತ ಕೇಳಬೇಡಿ, ಅಪ್ಪ ಅಡಿಕೆ ಸುಲಿಯುದು. ಸ್ವಲ್ಪ ನಿಲ್ಲಿಸಿ ಅಂದ್ರೆ, "ನಿನ್ನ ವಿಡಿಯೋ ಬಂದು ನನ್ನ ಅಡಿಕೆ ಸುಲೀತದಾ?" ಅಂತಾರೆ. ಹಾಗಾಗಿ ನೀವೂ ಕೇಳಿಸಿಕೊಳ್ಳಿ.

ಈ ಶಾಟ್ ಶುಕ್ರವಾರದ್ದು. ರೆಡ್ ಅಲರ್ಟ್ ಅಂತ ಕಲೆಕ್ಟರ್ ರಜೆ ಕೊಟ್ಟಿದ್ರು. ರಜೆ ಕೊಟ್ಟ ದಿನ ಮಳೆ ಬರುದಿಲ್ಲ, ಇದು ಕಾಸರಗೋಡಿನ ಎಲ್ಲ ಅಮ್ಮಂದಿರಿಗೂ ಗೊತ್ತುಂಟು. ಹತ್ತು ಗಂಟೆಗೇ ಬಿಸಿಲು. ಮನೆಯಲ್ಲಿ ಮೂರು ಮಕ್ಕಳು: ನನ್ನ ಮಗಳು, ಅಕ್ಕನ ಮಗ, ಪಕ್ಕದ ಮನೆಯ ಹುಡುಗ. ಅಟ್ಟದಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಅಷ್ಟನ್ನೂ ಗುಜರಿಗೆ ಹಾಕಿದ್ರೆ ಎರಡು ಚಾಯದ ದುಡ್ಡೂ ಹುಟ್ಟುದಿಲ್ಲ. ಸರಿ, ರಟ್ಟಿನಲ್ಲಿ ಆಟದ ಬಸ್ಸು ಮಾಡುವಾ ಅಂತ ಕೂತೆವು.

ಕತ್ತರಿಸುದು ನಿಮಗೇ ಕಾಣ್ತಾ ಉಂಟು. ಒಂದೇ ವಿಷಯ ಹೇಳ್ತೇನೆ, ಇಲ್ಲಿ ಅಂಚು ನೋಡಿ. ಎರಡು ಕಾಗದದ ನಡುವೆ ಅಲೆ ಅಲೆಯಾಗಿ ಇನ್ನೊಂದು ಕಾಗದ ಉಂಟಲ್ಲ, ಆ ಅಲೆಯ ಉದ್ದಕ್ಕೆ ಮಡಚಿದ್ರೆ ನೀಟಾಗಿ ಕೂರ್ತದೆ. ಅಡ್ಡಕ್ಕೆ ಮಡಚಿದ್ರೆ ಸೊಟ್ಟಕ್ಕೆ ಮುರೀತದೆ. ಅಡ್ಡಕ್ಕೇ ಬೇಕಿದ್ರೆ ಇಂಕು ಮುಗಿದ ಪೆನ್ನಿನಲ್ಲಿ ಮೊದಲು ಗೆರೆ ಒತ್ತಿ. ಬಸ್ಸಿನ ಮೂತಿಗೆ ಒಂದು ಬದಿಯ ಕಾಗದ ಸುಲಿದುಬಿಡಿ, ಮತ್ತೆ ಚಾಪೆ ಸುತ್ತಿದ ಹಾಗೆ ಬಾಗ್ತದೆ.

ಇನ್ನು ಚಕ್ರ. ನಾನು ನೋಡಿದ ವಿಡಿಯೋಗಳಲ್ಲಿ ಮುಕ್ಕಾಲು ಜನ ಚಕ್ರವನ್ನು ಗಾಡಿಗೆ ಅಂಟಿಸಿಯೇ ಬಿಡ್ತಾರೆ. ಫೋಟೋಕ್ಕೆ ಚಂದ. ಓಡದ್ದು ಗಾಡಿಯಾ ಮಾರಾಯ್ರೆ? ಅದು ಕೋಳಿಗೂಡು. ನಾನು ಎಂತ ಮಾಡಿದೆ ಅಂದ್ರೆ, ಬಸ್ಸಿನ ಅಡಿಯ ರಟ್ಟನ್ನು ಅಲೆಗಳು ಅಡ್ಡಕ್ಕೆ ಬರುವ ಹಾಗೆ ಕತ್ತರಿಸಿ, ಅಲೆಯ ತೂತಿನೊಳಗೇ ಹಿಡಿಸೂಡಿ (ಪೊರಕೆ) ಕಡ್ಡಿ ತೂರಿಸಿದೆ. ಕಡ್ಡಿಯೇ ಆಕ್ಸೆಲ್. ಕಡ್ಡಿ ಕಿತ್ತದ್ದು ಅಮ್ಮನಿಗೆ ಗೊತ್ತಿಲ್ಲ, ಈ ವಿಡಿಯೋ ಅವರಿಗೆ ಕಳಿಸಬೇಡಿ. ಭಾರೀ ಬುದ್ಧಿವಂತೆ ನಾನು ಅಂತ ಅನ್ನಿಸಿತ್ತು, ಶುಕ್ರವಾರ ರಾತ್ರಿಯವರೆಗೆ.

ಚಕ್ರಕ್ಕೆ ಮೊದಲು ನೀರಿನ ಬಾಟ್ಲಿಯ ಮುಚ್ಚಳ. ಬಿಸಿ ಮೊಳೆಯಲ್ಲಿ ನಾನೇ ತೂತು ಮಾಡಿದೆ. ನಾಲ್ಕರಲ್ಲಿ ಒಂದೂ ನಡುವಿಗೆ ಬರಲಿಲ್ಲ, ಬಸ್ಸು ಕುಡಿದವನ ಹಾಗೆ ಹೋಯ್ತು. ಆಗ ಅಪ್ಪ ಅಡಿಕೆ ಬಿಟ್ಟು ಎದ್ದು ಬಂದ್ರು! ಹಳೇ ಹವಾಯಿ ಚಪ್ಪಲಿ ತಂದು, ಅದರ ಮೇಲೆ ಕಬ್ಬಿಣದ ಪೈಪಿನ ತುಂಡು ಇಟ್ಟು ಸುತ್ತಿಗೆಯಲ್ಲಿ ಒಂದು ಪೆಟ್ಟು. ಉರುಟು ಚಕ್ರ, ಕೆಳಗೆ ನೀಲಿ, ಮೇಲೆ ಬಿಳಿ. "ನಾವು ಸಣ್ಣವರಿದ್ದಾಗ ನಮ್ಮದೆಲ್ಲ ಇದೇ ಚಕ್ರ," ಅಂದ್ರು. ಅದೂ ಇಲ್ಲದ ದಿನ ಅಡಿಕೆ ಹಾಳೆ. ಒಬ್ಬ ಹಾಳೆಯ ಮೇಲೆ ಕೂರುದು, ಇನ್ನೊಬ್ಬ ಸೋಗೆ ಹಿಡಿದು ಎಳೆಯುದು. ನಾನೂ ಕೂತಿದ್ದೇನೆ, ಚಡ್ಡಿ ಹರಿದು ಅಮ್ಮನಿಂದ ಪೆಟ್ಟೂ ತಿಂದಿದ್ದೇನೆ. ಹಾಳೆಗೆ ಚಕ್ರವೇ ಇಲ್ಲ. ಕೋಳಿಗೂಡಿನ ಮಾತು ವಾಪಸ್ ತಗೊಳ್ತೇನೆ.

ಶಾಟ್ ಮುಗೀತು, ಬಸ್ಸಿನ ಊರ ಹೆಸರಿನ ಬೋರ್ಡಿಗೆ ಬರುವಾ. ಮಗಳು ಕನ್ನಡ ಮೀಡಿಯಂ, ಪಕ್ಕದ ಮನೆಯವ ಮಲಯಾಳ ಮೀಡಿಯಂ. ಬದಿಯಡ್ಕ ಅಂತ ಯಾವ ಲಿಪಿಯಲ್ಲಿ ಬರೆಯುದು? ಅರ್ಧ ಗಂಟೆ ಜಗಳ, ಅಷ್ಟನ್ನೂ ಎಡಿಟ್ ಮಾಡಿ ತೆಗೆದಿದ್ದೇನೆ. ಕೊನೆಗೆ ಮುಂದೆ ಮಲಯಾಳ, ಬದಿಗೆ ಕನ್ನಡ. ಆದ ಕೂಡ್ಲೇ ನಂಬರ್ ಪ್ಲೇಟಿನ ಜಗಳ. ಮಗಳಿಗೆ ಮಂಗಳೂರಿನ ಕೆಎ 19 ಬೇಕು, ಅವನಿಗೆ ನಮ್ಮ ಕಾಸರಗೋಡಿನ ಕೆಎಲ್ 14. ಕೆಎಸ್‌ಆರ್‌ಟಿಸಿ ಅಂತ ಬರೆಯಲಿಕ್ಕೆ ಮಾತ್ರ ತಕರಾರಿಲ್ಲ, ಕೇರಳ, ಕರ್ನಾಟಕ ಎರಡು ಸರಕಾರದ ಬಸ್ಸಿಗೂ ಅದೇ ಅಕ್ಷರ. ಅದೇ ಅಕ್ಷರಕ್ಕಾಗಿ ದೊಡ್ಡವರು ಕೋರ್ಟಿಗೆ ಹೋಗಿದ್ದಾರೆ, ಅದು ಬೇರೆ ಕಥೆ.

ಅಂಟಿನ ವಿಷಯ ಈಗ ಹೇಳಲೇಬೇಕು, ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಅಂಗಡಿಯಿಂದ ತಂದ ಗಮ್ಮಿನ ಸಣ್ಣ ಬಾಟ್ಲಿ ಒಂದು ಬದಿಯ ಕಿಟಕಿಗೇ ಖಾಲಿ. ಮೂರು ಮಕ್ಕಳಲ್ವಾ, ಅರ್ಧ ಕೈಗೆ, ಅರ್ಧ ಕೂದಲಿಗೆ. ಇನ್ನೊಂದು ತರುದಿಲ್ಲ ಅಂತ ಹಠದಲ್ಲಿ ಮೈದಾ ಕುದಿಸಿದೆ. ಎಲೆಕ್ಷನ್ ಸಮಯ ಬಕೆಟಿನಲ್ಲಿ ತಗೊಂಡು ಪೋಸ್ಟರ್ ಅಂಟಿಸ್ತಾರಲ್ಲ, ಅದೇ. ಹುಳ ತಿನ್ನಬಾರದು ಅಂತ ಅದಕ್ಕೆ ಮೈಲುತುತ್ತು ಹಾಕುದುಂಟು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲಿಕ್ಕೆ ತಂದದ್ದು ನಮ್ಮ ಶೆಡ್ಡಿನಲ್ಲಿಯೂ ಉಂಟು. "ಒಂದು ಚಿಟಿಕೆ ಹಾಕು ಮಗಾ," ಅಂದ್ರು ಅಪ್ಪ. ಬೇಡವೇ ಬೇಡ. ಅದು ವಿಷ. ಅಕ್ಕನ ಮಗ ಬೆರಳು ನೆಕ್ಕುವ ಜನ. ನೀವೂ ಹಾಕಬೇಡಿ.

ರಾತ್ರಿ ಬಸ್ಸನ್ನು ಜಗಲಿಯಲ್ಲಿಟ್ಟು ಮಲಗಿದೆವು. ಆಗ ಬಂತು ಮಳೆ. ಬಸ್ಸಿಗೆ ಒಂದು ಹನಿ ಬಿದ್ದಿಲ್ಲ, ಪ್ರಮಾಣ ಮಾಡಿ ಹೇಳ್ತೇನೆ. ಬೆಳಿಗ್ಗೆ ಈ ಶಾಟ್ ನೋಡಿ. ಮೇಲಿನ ಮಾಡು ನಡುವೆ ಕುಸಿದು ಮುದಿ ದನದ ಬೆನ್ನು. ಬೆರಳಿನಲ್ಲಿ ಒತ್ತಿದ್ರೆ ಗುಳಿ ಬೀಳ್ತದೆ, ಬಿದ್ದದ್ದು ಏಳುದಿಲ್ಲ. ಮೈದಾ ಹಚ್ಚಿದ ಸಂದಿಯಲ್ಲಿ ಇರುವೆಯ ಸಾಲು, ಹಿಂದಿನ ಬಾಗಿಲಿನಲ್ಲಿ ಹತ್ತಿ ಮುಂದಿನ ಬಾಗಿಲಿನಲ್ಲಿ ಇಳೀತಾ ಉಂಟು. ನನ್ನ ಆ ಅಲೆಯ ತೂತು ಚಪ್ಪಟೆಯಾಗಿ ಕಡ್ಡಿಯನ್ನು ಕಚ್ಚಿ ಹಿಡಿದಿದೆ, ಚಕ್ರ ಜಪ್ಪಯ್ಯ ಅಂದ್ರೂ ತಿರುಗುದಿಲ್ಲ. "ಚೇಚೀ, ಬಸ್ಸು ಬ್ರೇಕ್‌ಡೌನ್," ಅಂದ ಪಕ್ಕದ ಮನೆಯವ. ತಪ್ಪು ನನ್ನದೇ. ಆಟಿ ತಿಂಗಳ ಮಳೆಗಾಲದ ಗಾಳಿಗೆ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗ್ತದೆ. ರಟ್ಟು ಬರೀ ಕಾಗದ, ಒಳಗಿನ ಅಲೆ ಅಂಟಿಸಿದ್ದೂ ಗಂಜಿಯಂಥ ಪಿಷ್ಟದಲ್ಲಿ. ಎರಡೂ ನೀರು ಕುಡಿಯುವಂಥವು. ಅದರ ಮೇಲೆ ನಾನು ನೀರು ನೀರು ಮೈದಾ ಬಳಿದದ್ದು, ಎರಡು ಸಲ!

ಬಚ್ಚಲ ಒಲೆಯ ಮೇಲೆ ಒಂದು ಹಲಗೆ ಉಂಟು, ಮಳೆಗಾಲದಲ್ಲಿ ಯೂನಿಫಾರ್ಮು ಒಣಗುವ ಜಾಗ. ಯೂನಿಫಾರ್ಮನ್ನು ಬದಿಗೆ ದೂಡಿ ಬಸ್ಸು ಇಟ್ಟೆವು. ಶನಿವಾರ ಇಡೀ ದಿನ. ರಟ್ಟು ಗಟ್ಟಿಯಾಯ್ತು, ದನದ ಬೆನ್ನು ಮಾತ್ರ ಹಾಗೇ ಉಳೀತು. ಒಳಗಿನಿಂದ ರಟ್ಟಿನ ಪಟ್ಟಿ ಆನಿಸಿ ಎತ್ತಿದ್ದೇನೆ. ಕಡ್ಡಿಗೆ ಈ ಸಲ ಜ್ಯೂಸ್ ಪೊಟ್ಟಣದ ಸ್ಟ್ರಾ ಕೊಳವೆ, ಇನ್ನು ಕಚ್ಚುದಿಲ್ಲ. ಹೊರಗೆ ಮೇಣದ ಬತ್ತಿ ಉಜ್ಜಿದೆ. ಬಣ್ಣ ಕೊಟ್ಟ ಮೇಲೆ ಉಜ್ಜಬೇಕಿತ್ತು, ಮೇಣದ ಮೇಲೆ ಕೆಂಪು ಹಿಡಿಯುದೇ ಇಲ್ಲ, ಕಾಣ್ತಾ ಉಂಟಲ್ಲ. ಇಡೀ ಬಸ್ಸಿಗೆ ಹೊಗೆಯ ವಾಸನೆ. "ಈಗ ಸರಿಯಾದ ಬಸ್ಸು," ಅಂದ್ರು ಅಪ್ಪ.

ಇದು ಅಕ್ಕನ ಮಗನ ಜೆಸಿಬಿ. ಅವರ ಮನೆ ಹೈವೇ ಬದಿಯಲ್ಲಿ. ತಲಪಾಡಿಯಿಂದ ಚೆಂಗಳಕ್ಕೆ 39 ಕಿಲೋಮೀಟರ್ ಆರು ಪಥ ಆಗುವಾಗಲೇ ಅವ ಹುಟ್ಟಿ ಬೆಳೆದದ್ದು, ಬಸ್ಸಿಗಿಂತ ಮೊದಲು ಟಿಪ್ಪರಿನ ಹೆಸರು ಕಲಿತವ. ಟೂತ್‌ಪೇಸ್ಟ್ ಪೆಟ್ಟಿಗೆಯ ಕೈ, ಬೆಂಕಿಪೊಟ್ಟಣದ ಬಕೆಟ್, ಚಕ್ರ ಅಂಟಿಸಿದ್ದು. ಓಡುದಿಲ್ಲ. ಮೂವರೂ ಬೆಳಿಗ್ಗೆಯಿಂದ ಅದನ್ನೇ ಎಳೆದಾಡ್ತಾ ಇದ್ದಾರೆ. ಎರಡು ದಿನ ನನ್ನ ಸೊಂಟ ಮುರಿದ ಬಸ್ಸು ಇಲ್ಲಿ ಒಂಟಿಯಾಗಿ ನಿಂತಿದೆ.

ಟೆಸ್ಟ್ ಒಂದು ಮಾಡಿಬಿಡುವಾ. ಜಗಲಿಯ ಇಳಿಜಾರಿನಲ್ಲಿ ಬಿಡ್ತೇನೆ, ಒಂದು, ಎರಡು... ಹೋಯ್ತು! ಸ್ವಲ್ಪ ಎಡಕ್ಕೆ ಎಳೀತದೆ, ಆದ್ರೆ ಹೋಯ್ತು. ಅಪ್ಪ, ನೋಡಿದ್ರಾ? ನೋಡಲಿಲ್ಲ. ಇನ್ನೊಮ್ಮೆ ಬಿಡ್ತೇನೆ, ಈಚೆ ನೋಡಿ. ಅಯ್ಯೋ, ಮಳೆ. ಏ ಮಕ್ಕಳೇ, ಆ ಬಸ್ಸನ್ನು ಮೊದಲು ಒಳಗೆ ತಗೊಳ್ಳಿ, ಜೆಸಿಬಿ ಮತ್ತೆ!