ಸಮುದ್ರದಾಚೆಗೆ ಒಂದು ನಡೆ

ಕೇಳುಗರಿಗೆ ನಮಸ್ಕಾರ.

ಕಡಲೆಕಾಯಿ ತಿಂದು ಮುಗಿಸಿ, ಪೊಟ್ಟಣದ ಕಾಗದ ಬಿಚ್ಚಿ ಓದುವ ಚಟ ನಿಮಗೂ ಇರಬಹುದು. ನನಗಂತೂ ಇದೆ. ತಲೆ ಬುಡ ಇರುವುದಿಲ್ಲ, ಆದರೂ ಸ್ವಾರಸ್ಯ. ಇಂಥ ತುಣುಕುಗಳನ್ನೇ ಮಾರಿ ಸಾಹುಕಾರರಾದವರು ಇಂಗ್ಲೆಂಡಿನ ಜಾರ್ಜ್ ನ್ಯೂನ್ಸ್.

ಹುಟ್ಟಿದ್ದು 1851ರಲ್ಲಿ, ಮ್ಯಾಟ್ಲಾಕ್ ಬಾತ್ ಎಂಬ ಊರಿನಲ್ಲಿ. ತಂದೆ ಪಾದ್ರಿ, ಮಗ ಫ್ಯಾನ್ಸಿ ಸಾಮಾನಿನ ವ್ಯಾಪಾರಿ. ಅಲ್ಲಿ ಇಲ್ಲಿ ಓದಿದ ಸ್ವಾರಸ್ಯದ ಚೂರುಗಳನ್ನು ಸೇರಿಸಿ ವಾರಪತ್ರಿಕೆ ಮಾಡುವ ಆಸೆ. ಆದರೆ ದುಡ್ಡು ಹಾಕುವವರು ಸಿಗಲಿಲ್ಲ. ಆಗ ಅವರು ಮಾಡಿದ್ದೇನು ಗೊತ್ತಾ? ಮ್ಯಾಂಚೆಸ್ಟರ್‌ನಲ್ಲಿ ವೆಜಿಟೇರಿಯನ್ ಹೋಟೆಲ್ ತೆರೆದರು! ನಮ್ಮ ಉಡುಪಿ ಕಡೆಯವರು ಕೇಳಿದರೆ ಖುಷಿಪಟ್ಟಾರು. ಆ ಹೋಟೆಲಿನ ದುಡ್ಡಿನಿಂದ 1881ರಲ್ಲಿ 'ಟಿಟ್-ಬಿಟ್ಸ್' ಹೊರಬಂತು. ಮೊದಲ ಸಂಚಿಕೆಯ 5,000 ಪ್ರತಿ ಎರಡೇ ಗಂಟೆಯಲ್ಲಿ ಖಾಲಿ. ಹತ್ತು ವರ್ಷಕ್ಕೆ 'ಸ್ಟ್ರ್ಯಾಂಡ್' ಮಾಸಪತ್ರಿಕೆ, ಅದರಲ್ಲಿ ಷರ್ಲಾಕ್ ಹೋಮ್ಸ್ ಕತೆಗಳು. ಆಮೇಲೆ ಹಣಕ್ಕೇನು ಕೊರತೆ?

ಖರ್ಚು ಮಾಡುವುದರಲ್ಲೂ ಅವರದು ಬೇರೆಯೇ ದಾರಿ. ಡೆವನ್ ಕರಾವಳಿಯಲ್ಲಿ ಲಿಂಟನ್ ಎಂಬ ಊರು ಗುಡ್ಡದ ಮೇಲಿದೆ, ಲಿನ್ಮತ್ ಕೆಳಗೆ ಸಮುದ್ರದ ಪಕ್ಕ. ನಡುವೆ ಹತ್ತುವುದೇ ದೊಡ್ಡ ಪಾಡು. ನ್ಯೂನ್ಸ್ ಹಣ ಹಾಕಿ ಅಲ್ಲೊಂದು ಪುಟ್ಟ ರೈಲು ಮಾಡಿಸಿದರು. 1890ರಲ್ಲಿ ಶುರುವಾಯಿತು. ಬಾವಿಯ ರಾಟೆಗೆ ಎರಡು ಬಿಂದಿಗೆ ಕಟ್ಟಿದ ಹಾಗೆ ಎರಡು ಡಬ್ಬಿ. ಮೇಲಿನ ಡಬ್ಬಿಯ ತೊಟ್ಟಿಗೆ ನೀರು ತುಂಬುತ್ತಾರೆ. ಭಾರ ಜಾಸ್ತಿಯಾಗಿ ಅದು ಇಳಿಯುತ್ತದೆ, ಕೆಳಗಿನದು ಮೇಲೇರುತ್ತದೆ. ಕೆಳಗೆ ಬಂದ ಮೇಲೆ ನೀರು ಹೊರಗೆ. ಕಲ್ಲಿದ್ದಲು ಬೇಡ, ಎಂಜಿನ್ ಬೇಡ. ಈಗಲೂ ಓಡುತ್ತಿದೆ.

ಈ ಮನುಷ್ಯ ಲಂಡನ್ನಿನ ಬ್ರಿಟಿಷ್ ಚೆಸ್ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು. ಚೆಸ್ ಚರಿತ್ರೆಯಲ್ಲಿ ಅವರ ಹೆಸರು ಉಳಿದದ್ದು ಆಟಕ್ಕಲ್ಲ, ಒಂದು ಕಪ್ಪಿಗೆ, ಅಂದರೆ ಟ್ರೋಫಿಗೆ. ಬ್ರಿಟನ್ ಮತ್ತು ಅಮೆರಿಕದ ನಡುವಿನ ಪಂದ್ಯಕ್ಕೆ ಕೊಟ್ಟ ಕಪ್ಪು. ಸತತ ಮೂರು ಸಲ ಗೆದ್ದವರಿಗೆ ಅದು ಖಾಯಂ. ಇಲ್ಲಿ ಆಟಗಾರರು ಹಡಗು ಹತ್ತುವಂತಿಲ್ಲ. ಅಟ್ಲಾಂಟಿಕ್ ತಳದಲ್ಲಿ ಹಾಕಿದ ಟೆಲಿಗ್ರಾಫ್ ತಂತಿಯ ಮೇಲೆ ನಡೆಗಳೇ ಹೋಗಬೇಕು!

ಮೊದಲ ಪಂದ್ಯ 1896ರ ಮಾರ್ಚ್ 13 ಮತ್ತು 14ರಂದು. ಎರಡೂ ಕಡೆ ಎಂಟೆಂಟು ಮಂದಿ. ಲಂಡನ್ನಿನಲ್ಲಿ ಕತ್ತಲಾಗುವ ಹೊತ್ತು ಅಮೆರಿಕದವರು ಕೂತ ಬ್ರೂಕ್ಲಿನ್‌ನಲ್ಲಿ ಇನ್ನೂ ಮಟಮಟ ಮಧ್ಯಾಹ್ನ. ನೀವು ಕುದುರೆ ಎತ್ತಿ ಇಡುತ್ತೀರಿ. ಅದು ಸಂಕೇತವಾಗಿ ತಂತಿ ಹತ್ತುತ್ತದೆ. ಎದುರಾಳಿ ಹುಬ್ಬು ಗಂಟಿಕ್ಕಿದನೋ, ಮೀಸೆಯೊಳಗೇ ನಕ್ಕನೋ, ತಿಳಿಯದು. ಸುಮ್ನೆ ಮಣೆ ನೋಡುತ್ತಾ ಕೂರಬೇಕು. ಚೆಸ್ ಆಡಿದವರಿಗೆ ಗೊತ್ತು, ಅರ್ಧ ಆಟ ಎದುರಿನವನ ಮುಖದಲ್ಲೇ ಇರುತ್ತೆ, ಅಲ್ವಾ? ಆ ಸಲ ಅಮೆರಿಕ ನಾಲ್ಕೂವರೆ, ಬ್ರಿಟನ್ ಮೂರೂವರೆ.

ಮರುವರ್ಷ ಎರಡೂ ದೇಶದ ಸಂಸದರಿಗೂ ಇದೇ ಹುಚ್ಚು ಹಿಡಿಯಿತು. ತಂತಿಯ ಮೇಲೆ ಅವರೂ ಆಡಿದರು. ಎರಡೂವರೆಗೆ ಎರಡೂವರೆ, ಸಮಸಮ. ರಾಜಕಾರಣಿಗಳಲ್ಲವೇ!

ಕಪ್ಪಿನ ಪಂದ್ಯ ಮಾತ್ರ ವರ್ಷಗಟ್ಟಲೆ ಜಗ್ಗಾಡಿತು. ನ್ಯೂನ್ಸ್ 1910ರ ಜೂನ್‌ನಲ್ಲಿ, ತಮ್ಮ ರೈಲಿನ ಊರಾದ ಲಿಂಟನ್‌ನಲ್ಲೇ ತೀರಿಕೊಂಡರು. ಬ್ರಿಟನ್ ಸತತ ಮೂರನೇ ಸಲ ಗೆದ್ದು ಕಪ್ಪನ್ನು ತನ್ನದಾಗಿಸಿಕೊಂಡದ್ದು ಮರುವರ್ಷ, 1911ರಲ್ಲಿ.