ಉಪ್ಪುನೀರಿನ ಸಸಿಗೆ ಯೂರಿಯಾ ಎಷ್ಟು?

ಕೇಳುಗರಿಗೆ ನಮಸ್ಕಾರ. ಮಾರ್ಚ್ ದಾಟಿತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆಯ ಅಳಿವೆ ಬದಿಯ ಬಾವಿಗಳಲ್ಲಿ ಹಲವದರ ನೀರು ನಾಲಗೆಗೇ ಉಪ್ಪೆನಿಸುತ್ತದೆ. ತೊಟ್ಟೆಯಲ್ಲಿರುವ ಪೇರಳೆ, ಚಿಕ್ಕು, ಮಾವಿನ ಸಸಿಗಳಿಗೂ ಅದೇ ನೀರು. ಎಲೆಯ ತುದಿ ಸುಟ್ಟಂತಾದರೆ ‘ಗೊಬ್ಬರ ಸಾಲದು’ ಎಂದು ಒಂದು ಚಿಟಿಕೆ ಯೂರಿಯಾ ಉದುರಿಸುತ್ತೇವೆ. ಎಡವುವುದು ಅಲ್ಲೇ.

ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾಗುತ್ತದೆ. ಉಪ್ಪಿನ ಕಾಟವಾದರೆ ತುದಿ, ಅಂಚು ಕಂದಾಗಿ ಒಣಗುತ್ತವೆ, ನಡು ಹಸಿರಾಗಿಯೇ ಇರುತ್ತದೆ. ಉಪ್ಪು ತುಂಬಿದ ಮಣ್ಣಿನಿಂದ ಬೇರು ನೀರೆಳೆಯಲಾರದು. ಅತಿಯಾದ ಗೊಬ್ಬರವೂ ಕರಗಿ ಆ ಭಾರಕ್ಕೇ ಸೇರುತ್ತದೆ.

ಮೊದಲು ನೀರು ಅಳೆಯಿರಿ. ನೀರಿನಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ ಸಣ್ಣ ಟಿಡಿಎಸ್ ಮೀಟರ್ ಸಾಕು. 640 ಪಿಪಿಎಂ, ಅಂದರೆ ಲೀಟರಿಗೆ 640 ಮಿಲಿಗ್ರಾಂ ಉಪ್ಪು, ಉಪ್ಪಿನ ಇನ್ನೊಂದು ಅಳತೆಯಾದ ‘ಡೆಸಿಸೀಮನ್ಸ್ ಪ್ರತಿ ಮೀಟರ್’ನಲ್ಲಿ ಸುಮಾರು 1. ಮುಂದಿನ ಲೆಕ್ಕವೆಲ್ಲ ಈ ಅಳತೆಯಲ್ಲೇ. ಪೇರಳೆ ಸಸಿ 1.5ರವರೆಗೆ ಹೇಗೋ ತಾಳುತ್ತದೆ, ಚಿಕ್ಕು ಇನ್ನೂ ಗಟ್ಟಿ. ಮಾವು ಬಲು ಮೆದು, 1 ದಾಟಿಸಬೇಡಿ. ಬಾವಿನೀರು 3 ಇದ್ದರೆ ಅಷ್ಟೇ ಮಳೆನೀರು ಬೆರೆಸಿ, 1.5ರ ಆಸುಪಾಸಿಗೆ ಇಳಿಯುತ್ತದೆ. ಮಾಡಿನ ನೀರು ಹಿಡಿದಿಟ್ಟ ಟ್ಯಾಂಕಿಯ ಬೆಲೆ ತಿಳಿಯುವುದು ಏಪ್ರಿಲಿನಲ್ಲೇ! ಬೀಜ ಮೊಳೆತು ನಾಲ್ಕೆಲೆ ಬರುವವರೆಗಂತೂ ಸಿಹಿನೀರೇ ಆಗಬೇಕು. ಪಂಪನ್ನು ಒಂದೇ ಸಮನೆ ಓಡಿಸಿದರೆ ಮೇಲಿನ ಸಿಹಿನೀರಿನ ಪದರ ಮುಗಿದು ಅಡಿಯ ಉಪ್ಪುನೀರು ಏರಿ ಬರುತ್ತದೆ. ಬಿಟ್ಟು ಬಿಟ್ಟು ಎತ್ತಿ.

ತೊಟ್ಟೆಗೆ ಮಣ್ಣು, ಹೊಳೆ ಹೊಯಿಗೆ, ಹಟ್ಟಿಗೊಬ್ಬರ ಸಮಪಾಲು. ಕಡಲ ಹೊಯಿಗೆ ಬೇಡವೇ ಬೇಡ. ಅಡಿಯಲ್ಲಿ ಏಳೆಂಟು ತೂತಿರಲಿ. ತೊಟ್ಟೆಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಡದೆ ಮುರಕಲ್ಲಿನ ಚೂರುಗಳ ಮೇಲಿಡಿ. ಬೇಕಾದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚು ನೀರು ಕೊಟ್ಟು ಅಡಿಯಿಂದ ಸೋರಿಸಬೇಕು. ಚೂರು ಚೂರೇ ಚಿಮುಕಿಸಿದರೆ ನೀರು ಆರಿ ಉಪ್ಪು ಉಳಿಯುತ್ತದೆ, ಮಣ್ಣಿನ ಮೇಲೆ ಬಿಳಿ ಹುಡಿ ಕಾಣುತ್ತದೆ. ನೀರು ಸಂಜೆ ಹೊತ್ತು ಬುಡಕ್ಕೆ ಹೊಯ್ಯಿರಿ; ಎಲೆಗೆ ಬಿದ್ದರೆ ಉಪ್ಪಿನಲ್ಲಿರುವ ಕ್ಲೋರೈಡನ್ನು ಎಲೆಯೇ ಹೀರಿ ಸುಡುತ್ತದೆ.

ಇನ್ನು ಯೂರಿಯಾ. ಲೀಟರಿಗೆ 2 ಗ್ರಾಂ ಕರಗಿಸಿ, ಎರಡು–ಮೂರು ಕಿಲೋ ಮಣ್ಣಿನ ತೊಟ್ಟೆಗೆ 100 ಮಿಲಿ, ಹದಿನೈದು ದಿನಕ್ಕೊಮ್ಮೆ. ಇದರಲ್ಲಿ ಸಾರಜನಕ ಸುಮಾರು 90 ಮಿಲಿಗ್ರಾಂ. ನೀರು 1.5 ಮೀರಿದ್ದರೆ ಇದರ ಅರ್ಧ ಸಾಕು. ಅಮೋನಿಯಂ ಕ್ಲೋರೈಡ್, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರಗಳು ಬೇಡ, ಎರಡರಲ್ಲೂ ಕ್ಲೋರೈಡೇ. ಕೈಗೆಟುಕಿದರೆ ಕ್ಯಾಲ್ಸಿಯಂ ನೈಟ್ರೇಟ್ ಒಳ್ಳೆಯದು: ಕ್ಲೋರೈಡ್ ಬೇರಿಗಿಳಿಯದಂತೆ ನೈಟ್ರೇಟ್ ಪೈಪೋಟಿ ಕೊಡುತ್ತದೆ, ಉಪ್ಪಿನಲ್ಲಿರುವ ಸೋಡಿಯಂ ಕಾಟವನ್ನು ಕ್ಯಾಲ್ಸಿಯಂ ತಗ್ಗಿಸುತ್ತದೆ.

ಜೂನಿನಲ್ಲಿ ನಾಲ್ಕು ದಿನ ಜಡಿಮಳೆ ಹೊಡೆದರೆ ಉಪ್ಪಿನ ಜೊತೆ ಸಾರಜನಕವೂ ತೊಳೆದುಹೋಗುತ್ತದೆ. ಅರ್ಧಕ್ಕಿಳಿಸಿದ್ದ ಯೂರಿಯಾವನ್ನು ಮಳೆ ಹೊಳವಾದಾಗ ಪೂರ್ತಿ ಪ್ರಮಾಣದಲ್ಲಿ ಕೊಡತೊಡಗಿ. ನಮಸ್ಕಾರ.