ಇಐಟಿ ಚಿತ್ರ ಮಸುಕು, ಆದರೂ ಅದು ಬೇಕು

ನಮಸ್ಕಾರ. ಎಲೆಕ್ಟ್ರಿಕಲ್ ಇಂಪೀಡೆನ್ಸ್ ಟೊಮೊಗ್ರಫಿ, ಅಂದರೆ ಇಐಟಿ. ಎದೆಗೆ ಸಣ್ಣ ಕರೆಂಟ್ ಬಿಟ್ಟು, ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ ಅಂತ ತೋರಿಸುವ ವಿಧಾನ. ಐಸಿಯುನಲ್ಲಿ ಇದರ ಪರದೆಯನ್ನು ಮೊದಲ ಸಲ ನೋಡಿದವರು ಕೇಳುವುದು, "ಇಷ್ಟು ಮಸುಕಾಗಿದೆಯಲ್ಲ, ಇದರಲ್ಲಿ ಏನು ನೋಡೋದು?" ಸಿಟಿ ಸ್ಕ್ಯಾನ್‌ಗೆ ಪಳಗಿದ ಕಣ್ಣಿಗೆ ಹಾಗನ್ನಿಸುತ್ತೆ. ಆದರೆ ಇದನ್ನು ಅಗ್ಗದ ಸಿಟಿ ಅಂತ ಅಳೆಯೋದೇ ತಪ್ಪು.

ಮಸುಕು ಎಲ್ಲಿಂದ ಬಂತು, ಲೆಕ್ಕ ಹಾಕಿ. ಎದೆ ಸುತ್ತ 16 ಎಲೆಕ್ಟ್ರೋಡ್‌ಗಳ ಬೆಲ್ಟ್. ಅಕ್ಕಪಕ್ಕದ ಒಂದು ಜೋಡಿಯಿಂದ ರೋಗಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಬಿಡ್ತೀವಿ, ಆ ಎರಡು ಎಲೆಕ್ಟ್ರೋಡ್‌ಗಳನ್ನು ಬಿಟ್ಟು ಉಳಿದ 13 ಅಕ್ಕಪಕ್ಕದ ಜೋಡಿಗಳಲ್ಲಿ ವೋಲ್ಟೇಜ್ ಅಳೀತೀವಿ. ಜೋಡಿ ಬದಲಾಯಿಸುತ್ತಾ ಒಂದು ಸುತ್ತು ಮುಗಿಸಿದರೆ 208 ಅಳತೆ. ಕರೆಂಟ್ ಕೊಡುವ ಜೋಡಿ, ಅಳೆಯುವ ಜೋಡಿ ಅದಲುಬದಲಾದರೂ ಉತ್ತರ ಅದೇ, ಹಾಗಾಗಿ ಹೊಸ ಮಾಹಿತಿ 104 ಮಾತ್ರ. ಅಷ್ಟರಲ್ಲೇ 1024 ಚುಕ್ಕಿಗಳ ಚಿತ್ರ ಕಟ್ಟಬೇಕು! ಮೇಲಾಗಿ ಕರೆಂಟ್ ಎಕ್ಸ್-ರೇ ಥರ ನೇರ ಹೋಗಲ್ಲ, ಬೆಲ್ಟಿನ ಮೇಲೂ ಕೆಳಗೂ ಹರಡಿಕೊಳ್ಳುತ್ತೆ. ಕಂಪ್ಯೂಟರ್ ಎಷ್ಟೇ ಚುರುಕಾದರೂ ಈ ಮಸುಕು ಪೂರ್ತಿ ಹೋಗಲ್ಲ.

ಬದಲಿಗೆ ಸಿಗೋದು ಸೆಕೆಂಡಿಗೆ 50 ಚಿತ್ರಗಳವರೆಗಿನ ವೇಗ. ವಿಕಿರಣ ಇಲ್ಲ, ರೋಗಿಯನ್ನು ಹಾಸಿಗೆಯಿಂದ ಕದಲಿಸಬೇಕಿಲ್ಲ. ಗಾಳಿ ತುಂಬಿದ ಜಾಗದಲ್ಲಿ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಆಗುವ ಅಡ್ಡಿ, ಏರುತ್ತೆ, ಅದು ಉಸಿರುಸಿರಿಗೂ ಕಾಣುತ್ತೆ. ಶ್ವಾಸನಳಿಕೆಯ ಟ್ಯೂಬ್ ಜಾರಿ ಬಲ ಶ್ವಾಸಕೋಶಕ್ಕೆ ಇಳಿದರೆ ಎಡಭಾಗ ಕಪ್ಪಾಗುತ್ತೆ. ನೆನಪಿಡಿ, ರೋಗಿಯ ಎಡ ಅಂದರೆ ಪರದೆಯ ಬಲಗಡೆ.

ಇದರ ನಿಜವಾದ ಬೆಲೆ ಗೊತ್ತಾಗೋದು ಪೀಪ್ ಹೊಂದಿಸುವಾಗ. ಪೀಪ್ ಅಂದರೆ ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಶ್ವಾಸಕೋಶದೊಳಗೆ ಉಳಿಸುವ ಒತ್ತಡ. ಅದು ಕಡಿಮೆಯಾದರೆ ಬೆನ್ನಿನ ಕಡೆಯ ಗಾಳಿಗೂಡುಗಳು ಮುದುಡುತ್ತವೆ, ಜಾಸ್ತಿಯಾದರೆ ಎದೆಯ ಕಡೆಯವು ಹಿಗ್ಗಿ ಪೆಟ್ಟು ತಿನ್ನುತ್ತವೆ. ಮೇಲಿನಿಂದ ಶುರು ಮಾಡಿ 2 ಸೆಂ.ಮೀ. ನೀರಿನ ಒತ್ತಡದಷ್ಟು ಇಳಿಸುತ್ತಾ ಬನ್ನಿ, ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ನಿಲ್ಲಿ. ಪರದೆಯ ಗ್ರಾಫಿನಲ್ಲಿ ಹಿಗ್ಗಿದ ಭಾಗದ ಗೆರೆ ಇಳಿಯುತ್ತೆ, ಮುದುಡಿದ ಭಾಗದ್ದು ಏರುತ್ತೆ. ಎರಡೂ ಕೂಡುವ ಜಾಗದ ಹತ್ತಿರ ಪೀಪ್ ಇಡಬಹುದು. ರೋಗಿ ತಾನೇ ಉಸಿರೆಳೆಯುತ್ತಿದ್ದರೆ ಈ ಲೆಕ್ಕ ನಂಬಬೇಡಿ. ಅತಿ ಹೆಚ್ಚಿನ ಪೀಪ್‌ನಲ್ಲೂ ತೆರೆಯದ ಭಾಗ "ಮುದುಡಿದ್ದು" ಅಂತ ಲೆಕ್ಕಕ್ಕೇ ಬರಲ್ಲ. ಆರಂಭದ ಮೆಟ್ಟಿಲುಗಳಲ್ಲಿ ಬಿಪಿ ಕುಸಿಯಬಹುದು, ಕಣ್ಣಿಟ್ಟಿರಿ.

ಇಷ್ಟೆಲ್ಲ ನಿಂತಿರೋದು ಬೆಲ್ಟಿನ ಮೇಲೆ. ಆಸ್ಪತ್ರೆಗಳು ಯಂತ್ರಕ್ಕೆ ಹಣ ಸುರಿದು, ಬೆಲ್ಟ್ ಕಟ್ಟುವ ನರ್ಸ್‌ಗೆ ಅರ್ಧ ಗಂಟೆ ತರಬೇತಿಯನ್ನಾದರೂ ಕೊಡದಿದ್ದರೆ ಅದು ಅನ್ಯಾಯ. ಎದೆ ಸುತ್ತಳತೆ ನೋಡಿ ಸೈಜ್ ಆರಿಸಿ. ನಾಲ್ಕು-ಐದನೇ ಪಕ್ಕೆಲುಬುಗಳ ನಡುವಿನ ಮಟ್ಟದಲ್ಲಿ, ಓರೆಯಾಗದಂತೆ ಸುತ್ತಿ. ಇನ್ನೂ ಕೆಳಗಿಳಿದರೆ ವಪೆ (ಡಯಾಫ್ರಮ್) ಚಿತ್ರದೊಳಗೆ ನುಗ್ಗುತ್ತೆ. ಒಣ ಚರ್ಮ, ಎದೆಗೂದಲು ಇದ್ದರೆ ಸಂಪರ್ಕ ಕೆಡುತ್ತೆ. ಒದ್ದೆ ಮಾಡಿ ಅಥವಾ ಜೆಲ್ ಹಚ್ಚಿ. ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ ಮತ್ತೆ ಕಟ್ಟುವಾಗ ಅದೇ ಜಾಗ ಸಿಗಬೇಕು. ಎರಡು ಬೆರಳಿನಷ್ಟು ಸರಿದರೂ ನಿನ್ನೆಯ ಚಿತ್ರವನ್ನು ಇವತ್ತಿನದರ ಜತೆ ಹೋಲಿಸಲಾಗದು. ಬೆಲ್ಟ್ ಒತ್ತಿ ಚರ್ಮ ಕೆಂಪಾಗಿದೆಯಾ, ಆಗಾಗ ಬಿಚ್ಚಿ ನೋಡಿ. ಪೇಸ್‌ಮೇಕರ್ ಇದ್ದವರಿಗೆ ಕಟ್ಟಲೇಬೇಡಿ.

ಗಾಳಿ ಹಾಸಿಗೆ ಉಬ್ಬಿ ಇಳಿಯುತ್ತಿದ್ದರೆ ಇಂಪೀಡೆನ್ಸ್ ಗೆರೆ ಅಲೆಯಂತೆ ತೇಲುತ್ತೆ, ಅಳೆಯುವಷ್ಟು ಹೊತ್ತು ಅದನ್ನು ನಿಲ್ಲಿಸಿ. ಇಸಿಜಿ ಮಾನಿಟರ್ ಕೂಡ ಉಸಿರೆಣಿಸಲು ಎದೆಗೆ ಸಣ್ಣ ಕರೆಂಟ್ ಬಿಡುತ್ತೆ, ಎರಡೂ ಒಂದಕ್ಕೊಂದು ಅಡ್ಡಬರಬಹುದು; ಮಾನಿಟರ್‌ನ ಆ ಭಾಗವನ್ನು ಆಫ್ ಮಾಡಿ. ಸಲೈನ್ ಜೋರಾಗಿ ಏರಿಸಿದಾಗ ಬೇಸ್‌ಲೈನ್, ಅಂದರೆ ಉಸಿರು ಬಿಟ್ಟ ಮೇಲಿನ ಇಂಪೀಡೆನ್ಸ್ ಮಟ್ಟ, ಕೆಳಗಿಳಿಯುತ್ತೆ. ಅದನ್ನೇ ಶ್ವಾಸಕೋಶ ಮುದುಡಿತು ಅಂದುಕೊಂಡು ಪೀಪ್ ಏರಿಸಿಬಿಟ್ಟೀರಿ, ಜೋಕೆ.

ಇನ್ನೊಂದು ಮಾತು. ಪರದೆ ತೋರಿಸೋದು ಬದಲಾವಣೆಯನ್ನು ಮಾತ್ರ. ನ್ಯುಮೋನಿಯಾದಿಂದ ಗಟ್ಟಿಯಾದ ಜಾಗವೂ ಕಪ್ಪು, ನೀರು ತುಂಬಿದ್ದೂ ಕಪ್ಪು. ಯಾವುದು ಅಂತ ತಿಳಿಯಬೇಕಿದ್ದರೆ ಅದೇ ಜಾಗಕ್ಕೆ ಅಲ್ಟ್ರಾಸೌಂಡ್ ಪ್ರೋಬ್ ಇಡಿ.